ಗುರುಶಾಂತಪ್ಪನ ನಡೆಯ ಲ್ಯಾಪ್‌ಟಾಪು

ನನ್ನ ಹೆಂಡತಿ ನೀಲಾಂಬಿಕೆ ಯಾರಿಗೂ ಕಾಯುವ ಪೈಕಿ ಅಲ್ಲ. ಹಾಲಿನವನು ಹೊತ್ತು ಮೀರಿ ಬಂದರೆ ಆ ದಿನ ಅವನ ಹಾಲೇ ಬೇಡ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕೂರಿ ಅಂದರೆ ಅಕ್ಷತೆ ಹಾಕಿ ಎದ್ದು ಬಂದುಬಿಡುತ್ತಾಳೆ. ನಾನು ಬಚ್ಚಲಿಗೆ ಹೋಗಿ ಸ್ವಲ್ಪ ತಡ ಮಾಡಿದರೆ ಬಾಗಿಲ ಹೊರಗೆ ನಿಂತು, "ಏನ್ರಿ, ಒಳಗೆ ಬಾವಿ ತೋಡ್ತಿದ್ದೀರಾ?" ಎಂದು ಕೇಳುತ್ತಾಳೆ. ಇಂಥವಳು ಮೊನ್ನೆ ಮೊನ್ನೆಯ ತನಕ ದಿನಾ ಬೆಳಿಗ್ಗೆ ತನ್ನ ಹಳೇ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಅದು ಎದ್ದೇಳುವ ತನಕ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದಳು. ಅದು ಕಣ್ಣು ಬಿಡುವುದರೊಳಗೆ ನಮ್ಮ ಮನೆಯ ಅನ್ನ ಬೆಂದು ಆರಿರುತ್ತಿತ್ತು. ಆದರೂ ಗೊಣಗುತ್ತಿರಲಿಲ್ಲ. ನಾನೇ ತಡೆಯಲಾರದೆ ಏನಾದರೂ ಅಂದರೆ, "ಏಳ್ತದೆ ಬಿಡ್ರಿ, ಪಾಪ" ಅನ್ನುತ್ತಿದ್ದಳು. ಆ 'ಪಾಪ' ಅನ್ನುವ ಮಾತಿದೆಯಲ್ಲ, ಮದುವೆಯಾದಾಗಿನಿಂದ ನನಗೆ ಅದು ಒಂದು ಸಲವೂ ಸಿಕ್ಕಿಲ್ಲ.

ಪಾಪ ಅಂದದ್ದು ಬರೀ ಯಂತ್ರಕ್ಕಾಗಿದ್ದರೆ ನನ್ನದೇನೂ ತಕರಾರಿರಲಿಲ್ಲ. ನಮ್ಮೂರಲ್ಲಿ ಲ್ಯಾಪ್‌ಟಾಪಿಗೆ ಸ್ವಂತ ನಡೆ ಅಂತ ಇಲ್ಲ. ಡಬ್ಬದಿಂದ ತೆಗೆದು ಅದನ್ನು ಮೊತ್ತಮೊದಲು ಯಾರು ತೆರೆಯುತ್ತಾರೋ ಅವರ ನಡೆಯೇ ಅದರ ನಡೆ. ಅವರು ಚುರುಕಾದರೆ ಅದೂ ಚುರುಕು, ಅವರಿಗೆ ಜ್ವರ ಬಂದರೆ ಅದಕ್ಕೂ ಮೈ ಬಿಸಿ, ಅವರು ಮಧ್ಯಾಹ್ನ ಒಂದು ಗಳಿಗೆ ಅಡ್ಡಾದರೆ ಅದರ ಪರದೆಯ ಮೇಲಿನ ಬಾಣವೂ ಅಲ್ಲೇ ನಿಂತುಬಿಡುತ್ತದೆ. ಒಬ್ಬ ಮನುಷ್ಯ ತನ್ನ ನಡೆಯನ್ನು ಜನ್ಮದಲ್ಲಿ ಒಂದೇ ಸಲ ಕೊಡಬಹುದು. ಎರಡನೆಯದನ್ನು ತೆರೆದರೆ ಅದು ಏಳುವುದೇ ಇಲ್ಲ. ಆದ್ದರಿಂದ ನಮ್ಮಲ್ಲಿ ಅಂಗಡಿಯವರು ಡಬ್ಬದ ಅಂಟುಪಟ್ಟಿ ಕೀಳುವುದಿಲ್ಲ, ಮನೆಯಲ್ಲಿ ನಾವು ಮಕ್ಕಳ ಕೈಗೆ ಸಿಗದ ಹಾಗೆ ಅಟ್ಟದ ಮೇಲಿಡುತ್ತೇವೆ, ಹೆಣ್ಣು ನೋಡಲು ಹೋದವರು ಜಾತಕದ ಜೊತೆಗೇ "ಹುಡುಗಿಯ ಲ್ಯಾಪ್‌ಟಾಪು ಯಾರ ನಡೆಯದು?" ಎಂದು ವಿಚಾರಿಸುತ್ತಾರೆ. ಅಪ್ಪಂದಿರು ಮಗಳಿಗೆಂದು ಉಳಿಸಿಕೊಳ್ಳುತ್ತಾರೆ, ಅಜ್ಜಿಯರು ಮೊಮ್ಮಗನಿಗೆಂದು. ಮದುವೆಯಲ್ಲಿ ಧಾರೆ ಮುಗಿದ ಮೇಲೆ ಗಂಡು ಹೆಣ್ಣಿನ ಲ್ಯಾಪ್‌ಟಾಪು ತೆರೆಯುವುದು ನಮ್ಮೂರ ಪದ್ಧತಿ.

ಹೆಣ್ಣು ನೋಡಲು ಹೋದ ದಿನ ನಮ್ಮವರು ಆ ಪ್ರಶ್ನೆ ಕೇಳುವುದನ್ನೇ ಮರೆತಿದ್ದರು. ನಮ್ಮ ಮದುವೆಯಲ್ಲೂ ಧಾರೆ ಮುಗಿದ ಮೇಲೆ ನಾನು ಕೈ ತೊಳೆದುಕೊಂಡು ಬಂದು ನಿಂತಿದ್ದೆ. ಆಗ ನೀಲಾಂಬಿಕೆಯ ಸೋದರಮಾವ ನನ್ನ ಕಿವಿಯಲ್ಲಿ, "ಅಳಿಯಂದಿರು ತಪ್ಪು ತಿಳೀಬಾರದು, ಆಕೆದು ಆಗಲೇ ಆಗೈತೆ" ಎಂದ. ಮದುವೆಗೆ ಮೊದಲು ಅವಳು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಗುರುಶಾಂತಪ್ಪ ಅಂತ ಒಬ್ಬ. ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಬರುವುದರೊಳಗೆ ಅರ್ಧ ಲಗ್ನಪತ್ರಿಕೆ ಮುಗಿಸಿರುತ್ತಿದ್ದ ಆಸಾಮಿ, ಊರಿಗೇ ಚುರುಕು. ಅವಳು ಮೊದಲ ಸಂಬಳ ಕೂಡಿಸಿ ಲ್ಯಾಪ್‌ಟಾಪು ಕೊಂಡಾಗ ತೆರೆದುಕೊಟ್ಟವನು ಅವನು. ಇದ್ದ ಒಂದೇ ನಡೆಯನ್ನು, ಅಕ್ಕ ಅಲ್ಲ ತಂಗಿ ಅಲ್ಲ, ಜೊತೆಯಲ್ಲಿ ಕೆಲಸ ಮಾಡುವ ಹುಡುಗಿಗೆ ಕೊಟ್ಟುಬಿಟ್ಟ. ಆಮೇಲೆ ಅವನು ಮದುವೆಯನ್ನೂ ಆಗಲಿಲ್ಲ. ಯಾಕೆ ಕೊಟ್ಟ ಎಂದು ನಾನು ಯಾವತ್ತೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂದು ಹೆದರಿಕೆ. ನನ್ನ ನಡೆ ಮಾತ್ರ ನನ್ನ ಕೈಯಲ್ಲೇ ಉಳಿಯಿತು. ನನ್ನ ತಂಗಿ ತನ್ನ ಮಗನಿಗೆ ಕೊಡು ಎಂದು ಅತ್ತು ಕರೆದು ಕೇಳಿದರೂ ಕೊಡಲಿಲ್ಲ. ಒಂದಲ್ಲ ಒಂದು ದಿನ ನೀಲಾಂಬಿಕೆಗೆ ಕೊಡಬೇಕು, ಅವನ ನಡೆ ನನ್ನ ಮನೆಯಿಂದ ಹೊರಗೆ ಹೋಗಬೇಕು. ನನಗೆ ಬೇಕಾದದ್ದು ಇಷ್ಟೇ.

ನಾನು ಊರಿಗೆ ನೀರು ಬಿಡುವವನು. ಮರುಳಪ್ಪ ಎಂಬ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರಿಗೂ ನೀರಪ್ಪ. ಬೆಳಿಗ್ಗೆ ಎದ್ದು ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹಾಕಿಕೊಂಡು ಬೀದಿ ಬೀದಿಯ ವಾಲ್ವು ತಿರುಗಿಸುತ್ತೇನೆ. ಗುರುಶಾಂತಪ್ಪ ಇರುವುದು ಕಮಾನು ಬೀದಿಯಲ್ಲಿ, ಮಹಡಿಯ ಮೇಲೆ. ಆ ಬೀದಿಗೆ ಬಂದಾಗ ನನ್ನ ಕೈ ತಾನಾಗಿಯೇ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಕೆಳಗಿನ ಮನೆಗಳಿಗೆ ಹೇಗೋ ಬರುತ್ತಿತ್ತು, ಮಹಡಿಗೆ ಹತ್ತುತ್ತಿರಲಿಲ್ಲ. ಇದನ್ನು ಅನ್ಯಾಯ ಅನ್ನುವವರು ಅನ್ನಲಿ. ಅವರ ಹೆಂಡತಿಯೂ ದಿನಾ ಇನ್ನೊಬ್ಬನ ನಡೆಗೆ ಕೈ ಒಡ್ಡಿ ಕೂರಲಿ, ಆಮೇಲೆ ನ್ಯಾಯ ಅನ್ಯಾಯ ಮಾತಾಡೋಣ.

ನೀಲಾಂಬಿಕೆ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಸ್ಕೂಲಿನ ಪ್ರಶ್ನೆಪತ್ರಿಕೆ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲ ಮಾಡಿಕೊಡುತ್ತಾಳೆ. ಮೊದಮೊದಲು ಆ ಲ್ಯಾಪ್‌ಟಾಪು ಹೇಳುವ ಮೊದಲೇ ಮಾಡಿ ಕೂರುತ್ತಿತ್ತು. ಆಗಲೂ ನನಗೆ ಹೊಟ್ಟೆ ಉರಿಯುತ್ತಿತ್ತು, ಬೇಗ ಮುಗಿಯುತ್ತದಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಈಚೆಗೆ ಅದು ತೆವಳತೊಡಗಿತು. ಒಂದು ಅಕ್ಷರ ಒತ್ತಿದರೆ ಅದು ಕಾಣಿಸಿಕೊಳ್ಳುವ ಹೊತ್ತಿಗೆ ಒತ್ತಿದವರಿಗೆ ಮರೆತುಹೋಗಿರುತ್ತಿತ್ತು. ಬೆಳಿಗ್ಗೆ ಕೂತವಳು ದೀಪ ಹಚ್ಚುವ ಹೊತ್ತಿಗೂ ಅದರ ಮುಂದೆಯೇ. ನಾನು ಪಕ್ಕದಲ್ಲಿ ಕೆಮ್ಮಿದರೂ ತಿರುಗುತ್ತಿರಲಿಲ್ಲ. "ಹೊಸದು ತಗೋ, ನಾನೇ ತೆರ್ಕೊಡ್ತೀನಿ" ಎಂದು ಎಷ್ಟು ಸಲ ಹೇಳಿದೆನೋ. "ಇದಕ್ಕೇನಾಗೈತೆ? ಸ್ವಲ್ಪ ನಿಧಾನ, ಅಷ್ಟೇ ತಾನೆ" ಎಂದು ಅದರ ಮುಚ್ಚಳ ಒರೆಸುವಳು. ನಾನು ಸ್ವಲ್ಪ ನಿಧಾನವಾದರೆ ಬಾವಿ ತೋಡುತ್ತೀರಾ ಅನ್ನುವವಳು ಇವಳೇ.

ಅವನ ನಡೆಯನ್ನು ಹೊರಗೆ ಹಾಕಲು ಆಗದಿದ್ದರೆ ಹೋಗಲಿ, ಅದನ್ನು ಬೇಗ ನಡೆಸಿಯಾದರೂ ನನ್ನ ಹೆಂಡತಿಯನ್ನು ಬಿಡಿಸಿಕೊಳ್ಳೋಣ ಎಂದು ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮೆಹರುನ್ನಿಸಾಳ ಅಂಗಡಿಗೆ ಹೋದೆ. ಲ್ಯಾಪ್‌ಟಾಪು ರಿಪೇರಿಯಲ್ಲಿ ನಮ್ಮೂರಿಗೆ ಅವಳೊಬ್ಬಳೇ. ಬಾಯಿ ಜೋರು, ಕೈಗಿಂತ ಬಾಯಿಯೇ ಮುಂದೆ.

"ಯಾರ ನಡೆದು?" ಎಂದಳು ತಿರುಪು ಬಿಚ್ಚುತ್ತಾ.

"ಯಾರದೋ. ನೀವು ಚುರುಕು ಮಾಡಿ ಕೊಡ್ರಿ."

"ಓಹೋ, ಇದು ಆ ಲ್ಯಾಪ್‌ಟಾಪಾ" ಎಂದು ನಕ್ಕಳು. ಊರಿಗೆಲ್ಲ ಗೊತ್ತಿರುವುದು ಅವಳಿಗೂ ಗೊತ್ತಿತ್ತು.

ಒಳಗಿನ ಫ್ಯಾನಿನಿಂದ ಬ್ರಷ್ಷು ಹಾಕಿ ಅವಳು ತೆಗೆದ ಧೂಳಿನಲ್ಲಿ ಒಂದು ಗುಬ್ಬಿಯ ಗೂಡು ಕಟ್ಟಬಹುದಿತ್ತು. ಗುಂಡಿ ಒತ್ತಿದ ಕೂಡಲೇ ಕರೆಯದೆ ಎದ್ದು ಕೂರುವ ಪ್ರೋಗ್ರಾಮುಗಳನ್ನೆಲ್ಲ ಒಂದೊಂದಾಗಿ ಮಲಗಿಸಿದಳು. "ಇವಕ್ಕೆಲ್ಲ ಬೆಳಿಗ್ಗೆ ಬೆಳಿಗ್ಗೆ ಏನು ಕೆಲಸ, ಬೇಕಾದಾಗ ಕರೆದ್ರಾಯ್ತು" ಎಂದಳು. ಬಳಸದೆ ಬಿದ್ದಿದ್ದನ್ನು ಅಳಿಸಿದಳು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ, ಡೈವೋರ್ಸ್ ಆದವರ ಲಗ್ನಪತ್ರಿಕೆ, ಎಲ್ಲ ಹೋಯಿತು. ಬ್ರೌಸರಿನಲ್ಲಿ ನೀಲಾಂಬಿಕೆ ಸಾಲಾಗಿ ತೆರೆದು ಬಿಟ್ಟಿದ್ದ ಪುಟಗಳನ್ನು ಮುಚ್ಚಿದಳು. ವೈರಸ್ಸು ಇದೆಯಾ ಎಂದು ಜಾಲಾಡಿದಳು. ಕೊನೆಗೆ ಹಳೇ ಹಾರ್ಡ್‌ಡಿಸ್ಕು ತೆಗೆದು ಎಸ್‌ಎಸ್‌ಡಿ ಅನ್ನುವ ಚುರುಕು ಡಿಸ್ಕು ಹಾಕಿ, ರ್ಯಾಮು ಇದ್ದದ್ದರ ಜೊತೆಗೆ ಇನ್ನೊಂದನ್ನು ಸಿಕ್ಕಿಸಿ, "ತಗೊಳ್ಳಿ, ಇನ್ಮೇಲೆ ಕುದುರೆ" ಎಂದು ಕೈಗಿಟ್ಟಳು.

ಕುದುರೆ ಮನೆಗೆ ಬಂದ ಮೇಲೆ ಮತ್ತೆ ಎಮ್ಮೆಯಾಯಿತು. ಒಂದು ದಿನ ಚೆನ್ನಾಗಿತ್ತು, ಮಾರನೆಯ ದಿನ ನೀಲಾಂಬಿಕೆ ಮೊದಲಿನ ಹಾಗೆಯೇ ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ನಾನು ಅಂಗಡಿಗೆ ಹೋಗಿ ಕೂಗಾಡಿದೆ. ಹಾಕಿದ್ದನ್ನು ವಾಪಸ್ಸು ತೆಗೆದುಕೊಳ್ಳಬೇಕಾದೀತೆಂದು ಮೆಹರುನ್ನಿಸಾ ಕೂಡಲೇ ದಾರಿ ಬದಲಿಸಿದಳು.

"ನೋಡಿ ನೀರಪ್ಪ, ಯಂತ್ರದ ಕಸ ಎಷ್ಟಿತ್ತೋ ಅಷ್ಟೂ ನಾನು ತೆಗ್ದೀನಿ. ನಡೆ ಕೊಟ್ಟೋರ ಮೈಯಾಗೆ ಕಸ ಇದ್ರೆ ನಾನೇನು ಮಾಡ್ಲಿ? ಅವರ ಮನೆಗೂ ಬ್ರಷ್ ತಗೊಂಡು ಹೋಗ್ಲಾ?"

ಅವಳು ನನ್ನನ್ನು ಸಾಗಹಾಕಲು ಅಂದ ಮಾತು. ನನಗೆ ಮಾತ್ರ ಅದು ತಲೆಯಲ್ಲಿ ಕೂತುಬಿಟ್ಟಿತು. ಎರಡು ದಿನ ಅನ್ನ ಸೇರಲಿಲ್ಲ. ಯಾರ ಮುಖ ನೋಡಬಾರದು ಎಂದು ಇಷ್ಟು ವರ್ಷ ಆ ಬೀದಿಯಲ್ಲಿ ತಲೆಯೆತ್ತದೆ ಓಡಾಡಿದ್ದೆನೋ ಅವನ ಬಾಗಿಲಿಗೆ ನಾನೇ ಹೋಗಬೇಕು. ಮೂರನೆಯ ದಿನ ನೀಲಾಂಬಿಕೆ ಪರದೆಗೆ, "ನಿಧಾನಕ್ಕೆ ಮಾಡು, ಅವಸರ ಇಲ್ಲ" ಎಂದು ಮೆಲ್ಲಗೆ ಹೇಳಿದ್ದು ಕೇಳಿಸಿತು. ಕೀಲಿ ಹೆಗಲ ಮೇಲಿದ್ದ ಹಾಗೆಯೇ ಕಮಾನು ಬೀದಿಗೆ ನಡೆದೆ.

ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಒಳಗೆ ಏನೋ ಬಿದ್ದಿತು, ಯಾರೋ ಕಾಲೆಳೆದರು, ಇನ್ನೇನೋ ಬಿದ್ದಿತು. ಬಾಗಿಲು ತೆರೆಯುವ ಹೊತ್ತಿಗೆ ನನಗೆ ಕಾಲುನೋವು ಬಂದಿತ್ತು. ನಾನು ಹೊಟ್ಟೆಕಿಚ್ಚು ಪಟ್ಟುಕೊಂಡ ಆ ಚುರುಕು ಮನುಷ್ಯ ಇವನೇನಾ ಎಂದು ನೋಡಿದೆ. ಹೊಟ್ಟೆ ಬಂದಿತ್ತು, ಒಂದು ಮಂಡಿ ಕುಂಬಳಕಾಯಿ ಆಗಿತ್ತು. ಕಣ್ಣು ಮಾತ್ರ ಚೆನ್ನಾಗಿದ್ದವು, ಅವನ್ನು ಕಂಡು ನನಗೆ ಮತ್ತೆ ಸಿಟ್ಟು ಬಂತು.

"ನೀರಪ್ಪ ಅಲ್ವೇನ್ರಿ? ಬರ್ರಿ ಬರ್ರಿ. ಈ ಮಹಡಿಗೆ ನೀರು ಹತ್ತಲ್ಲ ಅಂತ ಎಷ್ಟು ಸಲ ಹೇಳಿ ಕಳಿಸಿದ್ದೆ, ಕೊನೆಗೂ ನೀವೇ ಬಂದ್ರಿ."

"ಪೈಪಿನಾಗೆ ಗಾಳಿ ಸೇರ್ಕೊಂಡೈತೆ" ಎಂದೆ. "ಮಂಡಿಗೆ ಏನಾಯ್ತು?"

"ಏನಾಗೋದು, ಕೆಳಗಿನ ಬೋರ್‌ವೆಲ್ಲಿಂದ ಕೊಡ ಹೊತ್ತು ಹೊತ್ತು ಹಿಂಗಾಯ್ತು. ಮೆಟ್ಟಿಲು ನೋಡಿದ್ರಲ್ಲ. ಮಂಡಿ ಹೋದ ಮೇಲೆ ತಿರುಗಾಟ ಹೋಯ್ತು, ತಿರುಗಾಟ ಹೋದ ಮೇಲೆ ಹೊಟ್ಟೆ ಬಂತು, ಹೊಟ್ಟೆ ಬಂದ ಮೇಲೆ ನಿದ್ದೆ ಬಂತು."

ನಾನು ಹೆಗಲ ಮೇಲಿದ್ದ ಕೀಲಿ ಇಳಿಸಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ನಾನು ವಾಲ್ವಿನಲ್ಲಿ ಉಳಿಸಿದ ಅರ್ಧ ಸುತ್ತು ಇವನ ಮಂಡಿಗೆ ಹೋಗಿ, ಮಂಡಿಯಿಂದ ನನ್ನ ಹೆಂಡತಿಯ ಲ್ಯಾಪ್‌ಟಾಪಿಗೆ ಹೋಗಿ, ಅಲ್ಲಿಂದ ಅವಳನ್ನು ಬೆಳಗಿನಿಂದ ಸಂಜೆಯ ತನಕ ಹಿಡಿದು ಕೂರಿಸಿತ್ತು. ಅವಳು ಇವನಿಗೆ ಪಾಪ ಪಾಪ ಅನ್ನುವ ಹಾಗೆ ಮಾಡಿದವನು ನಾನೇ. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ. ಮಾರನೆಯ ಬೆಳಿಗ್ಗೆ ಕಮಾನು ಬೀದಿಯ ವಾಲ್ವನ್ನು ಕೀಲಿ ಕಿರುಗುಟ್ಟುವ ತನಕ ತಿರುಗಿಸಿದೆ. ಮಹಡಿಯ ನಲ್ಲಿಯಲ್ಲಿ ನೀರು ಭೋರ್ಗರೆದದ್ದು ಬೀದಿಗೆ ಕೇಳಿಸಿತು.

ಅಷ್ಟಕ್ಕೆ ಮಂಡಿ ನೆಟ್ಟಗಾಗುವುದಿಲ್ಲವಲ್ಲ. ದಿನಾ ನೀರು ಬಿಟ್ಟ ಮೇಲೆ ಅವನ ಮನೆಗೆ ಹೋಗತೊಡಗಿದೆ. ಮೆಹರುನ್ನಿಸಾ ಮಾಡಿದ್ದನ್ನು ನೋಡಿದ್ದೆನಲ್ಲ, ನಾನೂ ಅದನ್ನೇ ಮಾಡಿದೆ. ಮೊದಲು ಧೂಳು. ಅಟ್ಟದಿಂದ ಇಳಿಸಿದ ಹಳೇ ಪೇಪರು, ತುಕ್ಕು ಹಿಡಿದ ಸ್ಟವ್ವು, ಮುರಿದ ಟೇಬಲ್ ಫ್ಯಾನು ಎಲ್ಲ ಗುಜರಿಗೆ ಹಾಕಿದೆ. ಎದ್ದ ಕೂಡಲೇ ಅವನು ಒಟ್ಟಿಗೆ ಶುರು ಹಚ್ಚಿಕೊಳ್ಳುವುದು ಬಹಳ ಇತ್ತು. ರೇಡಿಯೋ ಹಚ್ಚುವುದು, ರಾಶಿಫಲ ಓದುವುದು, ಕೆಳಮನೆಯವರ ಜೊತೆ ಕಸದ ಬುಟ್ಟಿಯ ಜಗಳ, ನಶ್ಯ, ಆಮೇಲೆ ನಶ್ಯದ ಡಬ್ಬಿ ಹುಡುಕುವುದು. "ಇವಕ್ಕೆಲ್ಲ ಬೆಳಿಗ್ಗೆ ಏನು ಕೆಲಸ, ಬೇಕಾದಾಗ ಮಾಡಿದ್ರಾಯ್ತು" ಎಂದು ಒಂದೊಂದಾಗಿ ಬಿಡಿಸಿದೆ. ಅರ್ಧಕ್ಕೆ ಬಿಟ್ಟ ಕೆಲಸಗಳು ಮನೆ ತುಂಬ ಬಾಯಿ ತೆರೆದುಕೊಂಡು ಬಿದ್ದಿದ್ದವು. ಅರ್ಧ ಹೆಣೆದು ನಿಲ್ಲಿಸಿದ ಬೆತ್ತದ ಕುರ್ಚಿ, ಅರ್ಧ ಬಣ್ಣ ಬಳಿದ ಕಿಟಕಿ. ಒಂದನ್ನು ಮುಗಿಸದೆ ಇನ್ನೊಂದನ್ನು ಮುಟ್ಟಕೂಡದು ಎಂದು ತಾಕೀತು ಮಾಡಿದೆ. ಮಂಡಿಗೆ ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಕಾಲು ಹಿಡಿದು ತಿಕ್ಕುವಾಗ ಮನಸ್ಸಿನಲ್ಲಿ ಅವನ ವಂಶವನ್ನೆಲ್ಲ ಬೈಯುತ್ತಿದ್ದೆ. ಕೆಲವು ಸಲ ಬಾಯಲ್ಲೂ ಬರುತ್ತಿತ್ತು. ಅವನು ನೋವಿಗೆ ನಾನು ಮಂತ್ರ ಹಾಕುತ್ತಿದ್ದೇನೆ ಅಂದುಕೊಂಡಿದ್ದನೋ ಏನೋ, ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದ.

ಇದನ್ನೆಲ್ಲ ಯಾಕೆ ಮಾಡುತ್ತೀರಿ ಎಂದು ಅವನು ಕೇಳಲಿಲ್ಲ. ಒಂದು ದಿನ ಕೆರೆಯ ಏರಿಯ ಮೇಲೆ ನಡೆಸುತ್ತಿದ್ದಾಗ ಮಾತ್ರ, ಎಲ್ಲೋ ನೋಡುತ್ತಾ, "ನೀಲಾಂಬಿಕೆ ಹೆಂಗಿದ್ದಾಳೆ?" ಎಂದ.

ಇದ್ದಾಳೆ! ನನ್ನ ಹೆಂಡತಿ, ನನ್ನ ಎದುರಿಗೆ, ಇದ್ದಾಳೆ!

"ಅವರು ಚೆನ್ನಾಗಿದ್ದಾರೆ" ಎಂದೆ, ಒಂದೊಂದು ಅಕ್ಷರವನ್ನೂ ಒತ್ತಿ. ಅವನು ತಲೆಯಾಡಿಸಿ, ಇನ್ನೊಂದು ಸುತ್ತು ಹೋಗೋಣವೇ ಎಂದು ಕೇಳಿದ. ಆವತ್ತು ಅವನನ್ನು ಕೆರೆಗೆ ತಳ್ಳದೆ ಮನೆಗೆ ಕರೆತಂದದ್ದು ನನ್ನ ಹಿರಿಯರ ಪುಣ್ಯ.

ಅವನ ಮಂಡಿಯ ಊತ ಇಳಿದ ಹಾಗೆ ನಮ್ಮ ಮನೆಯ ಲ್ಯಾಪ್‌ಟಾಪು ಎದ್ದು ಕೂತಿತು. ಗುಂಡಿ ಒತ್ತಿ ನೀಲಾಂಬಿಕೆ ಅಭ್ಯಾಸದಂತೆ ಗಲ್ಲಕ್ಕೆ ಕೈ ತರುವುದರೊಳಗೆ ಪರದೆ ಬೆಳಗಿರುತ್ತಿತ್ತು. ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯುತ್ತಿತ್ತು. ಇನ್ನು ನನ್ನ ಪಕ್ಕ ಬಂದು ಕೂರುತ್ತಾಳೆ, ಎರಡು ಮಾತಾಡುತ್ತಾಳೆ, ಕಷ್ಟಪಟ್ಟದ್ದಕ್ಕೆ ಫಲ ಸಿಕ್ಕಿತು ಎಂದು ಅಂಗಿ ಬದಲಿಸಿ ಜಗಲಿಯಲ್ಲಿ ಕೂತೆ. ಅವಳು ಬರಲಿಲ್ಲ. ಇನ್ನಷ್ಟು ಕೆಲಸ ಹಿಡಿದಳು. ಹಾಡು ಗುನುಗತೊಡಗಿದಳು. ಸಂಜೆ ಅದನ್ನು ಮುಚ್ಚುವಾಗ ಮೇಲೆ ಒಂದು ಸಲ ತಟ್ಟಿ, "ಭೇಷ್" ಅನ್ನುವಳು. ಪಾಪ ಅನ್ನುತ್ತಿದ್ದದ್ದೇ ಎಷ್ಟೋ ವಾಸಿ ಅನ್ನಿಸಿತು. ಹಾವಿಗೆ ಹಾಲೆರೆದೆ ಅನ್ನೋಣ ಅಂದರೆ, ಹಾಲಿನ ಜೊತೆ ಎಣ್ಣೆಯನ್ನೂ ಎರೆದಿದ್ದೆ.

ಏರಿಸಿದವನು ಇಳಿಸಬಲ್ಲೆ ಎಂದು ಗುರುಶಾಂತಪ್ಪನಿಗೆ ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ಒಯ್ಯತೊಡಗಿದೆ. ತಿಂದು ಮಲಗಲಿ, ಲ್ಯಾಪ್‌ಟಾಪು ಸ್ವಲ್ಪ ತೂಕಡಿಸಲಿ. ಅವನು ತಿಂದು, "ಜೀರ್ಣ ಆಗ್ಬೇಕಲ್ಲ, ಬರ್ರಿ" ಎಂದು ಏರಿಯ ಮೇಲೆ ಎರಡು ಸುತ್ತು ಹೆಚ್ಚು ನಡೆದ. ಹಿಂದೆ ಹಿಂದೆ ಏದುಸಿರು ಬಿಡುತ್ತಾ ಹೋದವನು ನಾನು. ಕಮಾನು ಬೀದಿಯವರು, "ನೀರಪ್ಪ ಗುರುಶಾಂತಣ್ಣನ್ನ ಒಡಹುಟ್ಟಿದೋರಿಗಿಂತ ಚೆನ್ನಾಗಿ ನೋಡ್ಕೋತಾರೆ" ಎಂದು ಹೊಗಳಿದರು. ಉರಿಯುವ ಬೆಂಕಿಗೆ ಅದೊಂದು ತುಪ್ಪ ಬೇರೆ.

ಇನ್ನು ತಡೆಯಲಾಗಲಿಲ್ಲ. ಯಾರನ್ನೂ ಕೇಳದೆ ಹೊಸ ಲ್ಯಾಪ್‌ಟಾಪು ತಂದೆ. ನೀಲಾಂಬಿಕೆ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಅವಳ ಮುಂದೆ ಮಣೆ ಹಾಕಿ, ಡಬ್ಬ ಇಟ್ಟು, ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದು ಅಂಟುಪಟ್ಟಿ ಕಿತ್ತೆ. ಅವಳು ಸುಲಿಯುವುದನ್ನು ನಿಲ್ಲಿಸಿದಳು.

"ನಿಮ್ಮ ನಡೆನಾ?"

"ಹೂಂ."

"ಇಷ್ಟು ವರ್ಷ ಇಟ್ಕೊಂಡಿದ್ರಾ?"

"ಹೂಂ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು. ನಾನು ಮುಚ್ಚಳ ಎತ್ತಿದೆ. ಪರದೆ ಬೆಳಗಿತು. ಬೆಳಗಿ, ಮಧ್ಯದಲ್ಲಿ ಒಂದು ಸಣ್ಣ ಬಳೆ ಸುತ್ತತೊಡಗಿ, ಸುತ್ತುತ್ತಲೇ ಉಳಿಯಿತು. ಒಳಗಿನ ಫ್ಯಾನು ಹಿಟ್ಟಿನ ಗಿರಣಿಯಷ್ಟು ಸದ್ದು ಮಾಡಿತು. ನೀಲಾಂಬಿಕೆ ಏನೋ ನಾಲ್ಕು ಅಕ್ಷರ ಒತ್ತಿದಳು. ಕಾದಳು. ಮತ್ತೆ ಅವರೆಕಾಯಿ ಸುಲಿದಳು. ಮೊರ ಖಾಲಿಯಾದ ಮೇಲೆ ಮೊದಲ ಅಕ್ಷರ ಬಂತು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅದನ್ನು ಎತ್ತಿಕೊಂಡು ಮೆಹರುನ್ನಿಸಾಳ ಅಂಗಡಿಗೆ ಓಡಿದೆ. ಅವಳು ಹಿಂದೆ ತಿರುಗಿಸಿದಳು, ಮುಂದೆ ತಿರುಗಿಸಿದಳು, ಏನೇನೋ ಒತ್ತಿ ನೋಡಿದಳು.

"ಹೊಸ ಮಾಲು. ಧೂಳಿಲ್ಲ, ಕಸ ಇಲ್ಲ, ಮೇಲೆ ಒಂದೂ ತೆರೆದಿಲ್ಲ" ಎಂದಳು. "ಒಳಗೆ ಮಾತ್ರ ಏನೋ ಒಂದು ಒಂದೇ ಸಮ ಓಡ್ತಾ ಐತೆ. ಇರೋ ಬಲವನ್ನೆಲ್ಲ ಅದೇ ತಿಂತಾ ಐತೆ. ಬೇರೆ ಕೆಲಸಕ್ಕೆ ಏನೂ ಉಳ್ಯಲ್ಲ."

"ಏನದು? ನಿಲ್ಸಿಬಿಡ್ರಿ."

"ನಿಲ್ಲಲ್ಲ, ನೋಡ್ದೆ. ಹೆಸ್ರೂ ಕಾಣಿಸ್ತಿಲ್ಲ. ಯಾವ ಕಾಲದಿಂದ ಓಡ್ತಾ ಐತೋ." ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಡೆ ನಿಮ್ಮದೇ ಅಲ್ವಾ?" ಎಂದು ಪರಮ ಸಂತೋಷದಿಂದ ಡಬ್ಬ ಮುಚ್ಚಿ ಕೊಟ್ಟಳು.

ಮನೆಗೆ ಬಂದಾಗ ನೀಲಾಂಬಿಕೆ ಜಗಲಿಯ ಮೇಲಿದ್ದಳು. ಅವಳ ಕೆಲಸ ಮುಗಿದಿತ್ತು, ಹಳೆಯದು ಮುಚ್ಚಿ ಪಕ್ಕದಲ್ಲಿತ್ತು. "ಕೊಡಿ ಇಲ್ಲಿ" ಎಂದು ನನ್ನದನ್ನು ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡಳು. ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಬಿಸಿ ತಾಳಲಾರದೆ ಕೆಳಗೆ ಸೀರೆಯ ಮಡಿಕೆ ಸೇರಿಸಿಕೊಂಡಳು.

"ಏನ್ರಿ ಇದು, ಒಲೆ ಇದ್ದಂಗೈತೆ. ಏನು ಓಡ್ತಾ ಐತೆ ಒಳಗೆ?"

ನಾನು ಕಂಬಕ್ಕೆ ಒರಗಿ ಕೂತು ಅಂಗಿಯ ಗುಂಡಿ ತಿರುಗಿಸತೊಡಗಿದೆ.

"ಕೇಳೋದಿದ್ರೆ ಕೇಳಿಬಿಡ್ರಿ. ನನಗೆ ಕಾಯೋಕಾಗಲ್ಲ."

"ಅವನ ಮೇಲೆ ಮನಸ್ಸಿತ್ತಾ ನಿಂಗೆ?" ಎಂದೆ. ಬಾಯಿಂದ ಹೊರಗೆ ಬಂದ 'ಅವನ' ಅನ್ನುವುದನ್ನು 'ಅವರ' ಎಂದು ತಿದ್ದಬೇಕೆಂದು ಕೂಡ ಅನ್ನಿಸಲಿಲ್ಲ.

"ಇತ್ತು" ಎಂದಳು.

ಎಷ್ಟು ಬೇಗ ಹೇಳಿಬಿಟ್ಟಳು. ಇಷ್ಟು ವರ್ಷ ಹೆದರಿದ್ದ ಉತ್ತರ, ಹಾಲು ಬೇಡ ಅಂದಷ್ಟು ಸಲೀಸಾಗಿ ಬಂದುಬಿಟ್ಟಿತು.

"ಮತ್ತೆ ಮದುವೆ ಯಾಕಾಗ್ಲಿಲ್ಲ?"

"ಎಲ್ಲದರಾಗೂ ಚುರುಕು, ಆ ಒಂದು ಮಾತು ಕೇಳೋಕೆ ಮಾತ್ರ ಹೊತ್ತು ಮಾಡಿದ್ರು. ಅಷ್ಟರಾಗೆ ನೀವು ಹೆಣ್ಣು ನೋಡೋಕೆ ಬಂದ್ರಿ. ನಾನು ಕಾಯೋಳಲ್ಲ."

"ಈಗ್ಲೂ ಐತಾ?"

"ಇಲ್ಲ."

"ಯಾವಾಗ ಹೋಯ್ತು?"

ಅವಳು ಪರದೆಯ ಮೇಲೆ ಸುತ್ತುತ್ತಿದ್ದ ಬಳೆಯನ್ನು ನೋಡುತ್ತಾ ಹೇಳಿದಳು. "ಲ್ಯಾಪ್‌ಟಾಪು ಇದ್ದಕ್ಕಿದ್ದಂಗೆ ಎದ್ದು ಓಡೋಕೆ ಹತ್ತಿತಲ್ಲ, ಅವರಿಗೆ ಏನಾಯ್ತು ಅಂತ ನೋಡೋಕೆ ಹೋದೆ. ಇಷ್ಟು ವರ್ಷದಾಗೆ ಒಂದಿನಾನೂ ಹೋಗಿರಲಿಲ್ಲ, ಅವತ್ತು ಹೋದೆ. ಮೆಟ್ಟಿಲು ಹತ್ತಿ ಬಾಗಿಲ ಹತ್ರ ನಿಂತೆ. ನೀವು ನೆಲದ ಮೇಲೆ ಕೂತು ಅವರ ಮಂಡಿಗೆ ಎಣ್ಣೆ ತಿಕ್ತಿದ್ರಿ. ಮುಖ ಹರಳೆಣ್ಣೆ ಕುಡಿದಂಗಿತ್ತು. ಬಾಯಾಗೆ ಬೈತಾ ಇದ್ರಿ, ಕೈಯಾಗೆ ತಿಕ್ತಾ ಇದ್ರಿ. ನಾನು ಒಳಗೆ ಬರಲಿಲ್ಲ. ಮೆಟ್ಟಿಲು ಇಳಿದು ಬೀದಿಗೆ ಬರೋದ್ರೊಳಗೆ ಹೋಗಿಬಿಟ್ಟಿತ್ತು."

"ಅಂದ್ರೆ ಅಲ್ಲಿ ತನಕ ಇತ್ತು."

"ಇತ್ತು ಅಂತ ಹೇಳಿದ್ನಲ್ಲ."

ನನಗೆ ಕುಣಿಯಬೇಕು ಅನ್ನಿಸಿತು, ಎದ್ದು ಹೋಗಿ ಕೆರೆಗೆ ಬೀಳಬೇಕು ಅಂತಲೂ ಅನ್ನಿಸಿತು. ಇಷ್ಟು ವರ್ಷ ನಾನು ಸುಮ್ಮಸುಮ್ಮನೆ ಉರಿದಿರಲಿಲ್ಲ. ನನ್ನ ಹೊಟ್ಟೆಕಿಚ್ಚು ನಿಜವಾದ ಹೊಟ್ಟೆಕಿಚ್ಚು. ಅದೊಂದು ಸಮಾಧಾನ. ಅದರ ಹಿಂದೆಯೇ ಆ ವರ್ಷಗಳೆಲ್ಲ ಒಟ್ಟಿಗೆ ಎದೆಯ ಮೇಲೆ ಬಂದು ಕೂತವು. ಅವಳು ಬಡಿಸಿದ ಊಟ, ಹೊಲಿದುಕೊಟ್ಟ ಗುಂಡಿ, ಬಚ್ಚಲ ಹೊರಗಿನ ಕೂಗು, ಎಲ್ಲದರ ಕೆಳಗೆ ಇದೂ ಇತ್ತು.

"ಮತ್ತೆ ನನ್ನ ಮೇಲೆ?" ಎಂದೆ. "ನನ್ನ ಮೇಲೆ ಯಾವಾಗ ಬಂತು?"

"ಅದೂ ಅವತ್ತೇ" ಎಂದಳು ನೀಲಾಂಬಿಕೆ. "ಇನ್ನೂ ತೀರಾ ಹೊಸದು. ಅವಸರ ಮಾಡ್ಬೇಡ್ರಿ."

ಕೆಲಸಕ್ಕೆ ಈಗಲೂ ಅವಳು ಹಳೆಯದನ್ನೇ ಬಳಸುತ್ತಾಳೆ. ನನ್ನದರಲ್ಲಿ ಕೆಲಸವಾಗುವುದಿಲ್ಲ, ಸಂಜೆ ಸುಮ್ಮನೆ ತೆರೆದಿಟ್ಟುಕೊಂಡು ಕೂರುತ್ತಾಳೆ. ನಾನು ಬೆಳಿಗ್ಗೆ ನೀರು ಬಿಟ್ಟ ಮೇಲೆ ಎಣ್ಣೆಯ ಶೀಸೆ ಹಿಡಿದು ಕಮಾನು ಬೀದಿಗೆ ಹೋಗುತ್ತೇನೆ. ಗುರುಶಾಂತಪ್ಪನ ಮಂಡಿ ಪೂರ್ತಿ ನೆಟ್ಟಗಾಗಿದೆ. "ಸಾಕು ನೀರಪ್ಪ, ಇನ್ನು ಬೇಡ" ಎಂದು ಕಾಲು ಎಳೆದುಕೊಳ್ಳುತ್ತಾನೆ. ನಾನು ಬಿಡುವುದಿಲ್ಲ. ಅವನ ಕಾಲು ಹಿಡಿದು ಎಳೆದು, ಬೈಯುತ್ತಾ ಬೈಯುತ್ತಾ, ಬಾಗಿಲ ಕಡೆಗೆ ಒಂದು ಕಣ್ಣಿಟ್ಟುಕೊಂಡು ತಿಕ್ಕುತ್ತೇನೆ.